ದಾರಿಯಲ್ಲಿ ನಿಂತ ಸೆಕೆಂಡ್ ಹ್ಯಾಂಡ್ ಕಾರು: ಕಾಸರಗೋಡಿನ ಒಳರಸ್ತೆಗಳಲ್ಲಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ, ಅಡೂರು ಕಡೆಯವರು ಮಂಗಳೂರಿನಿಂದಲೋ ಪುತ್ತೂರಿನಿಂದಲೋ ಕೊಂಡು ತಂದ ಹತ್ತು ಹನ್ನೆರಡು ವರ್ಷ ಹಳೆಯ ಕಾರುಗಳನ್ನು ಗಮನದಲ್ಲಿಟ್ಟು ಇದನ್ನು ಬರೆದಿದ್ದೇವೆ. ಚಡಾವಿನ ನಡುವೆ ಗಾಡಿ ನಿಂತರೆ ಒಳ್ಳೆಯ ಗ್ಯಾರೇಜು ಇಪ್ಪತ್ತು ಮೂವತ್ತು ಕಿ.ಮೀ. ಆಚೆ ಇರುತ್ತದೆ, ಕೆಲವೊಮ್ಮೆ ಬೇರೆ ರಾಜ್ಯದಲ್ಲಿ. ನಿಂತ ಮೊದಲ ಹತ್ತು ನಿಮಿಷ ಮಾಡಿದ್ದರ ಮೇಲೆ, ಅದಕ್ಕಿಂತಲೂ ಹೆಚ್ಚಾಗಿ ಮಾಡದೆ ಬಿಟ್ಟದ್ದರ ಮೇಲೆ, ರಿಪೇರಿಯ ಖರ್ಚು ನಿಂತಿದೆ.

ಗಾಡಿ ಕೈಕೊಟ್ಟಿತು. ಮೊದಲು ಏನು ಮಾಡಬೇಕು?

ಗಾಡಿಗೆ ಇನ್ನೂ ಓಟ ಇರುವಾಗಲೇ ಎಡಕ್ಕೆ ತನ್ನಿ. ಎಂಜಿನ್ ಬಂದ್ ಆದ ಮೇಲೆ ಪವರ್ ಸ್ಟಿಯರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ನಿರ್ವಾತದ (ವ್ಯಾಕ್ಯೂಮ್) ಬಲ ಎರಡು ಮೂರು ಸಲ ತುಳಿಯುವಷ್ಟಕ್ಕೆ ಮಾತ್ರ ಸಾಕಾಗುತ್ತದೆ. ಆದ್ದರಿಂದ ಪೆಡಲನ್ನು ಪದೇ ಪದೇ ತುಳಿಯದೆ ಒಂದೇ ಸಲ ಗಟ್ಟಿಯಾಗಿ ಒತ್ತಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಮುಖ ಚಡಾವಿಗಿದ್ದರೆ ಫಸ್ಟ್ ಗೇರ್, ಇಳಿಜಾರಿಗಿದ್ದರೆ ರಿವರ್ಸ್ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ನಾಲ್ಕೂ ಇಂಡಿಕೇಟರ್ ಉರಿಯಲಿ.

ಎಚ್ಚರಿಕೆಯ ತ್ರಿಕೋನವನ್ನು ಸುಮಾರು 50 ಮೀಟರ್ ಹಿಂದೆ ಇಡಿ. ತಿರುವಿನ ನಂತರ ನಿಂತಿದ್ದರೆ ತ್ರಿಕೋನ ತಿರುವಿಗೆ ಮೊದಲೇ ಇರಬೇಕು, ಇಲ್ಲವಾದರೆ ಅದು ಯಾರಿಗೂ ಕಾಣುವುದಿಲ್ಲ. ತ್ರಿಕೋನ ಇಲ್ಲದಿದ್ದರೆ ಹಗಲಿನಲ್ಲಿ ಸೊಪ್ಪಿನ ಗೆಲ್ಲು ಸಾಕಾಗುತ್ತದೆ. ರಸ್ತೆಗೆ ಕಲ್ಲು ಇಟ್ಟು ಹಾಗೆಯೇ ಬಿಟ್ಟು ಹೋಗಬೇಡಿ. ರಾತ್ರಿ ಬೈಕಿನವರು ಬೀಳುವುದು ಅದೇ ಕಲ್ಲಿಗೆ.

ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥದಲ್ಲಿ ನಿಂತರೆ ಯಾರೂ ಗಾಡಿಯೊಳಗೆ ಕೂರಬಾರದು. ಎಡಗಡೆಯ ಬಾಗಿಲಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ. ಹೆದ್ದಾರಿ ಸಹಾಯವಾಣಿ 1033, ತುರ್ತಿಗೆ 112, ಆಂಬುಲೆನ್ಸ್‌ಗೆ 108.

ಟೆಂಪರೇಚರ್ ಮುಳ್ಳು ಕೆಂಪು ಮುಟ್ಟಿದೆ. ಪೇಟೆಗೆ ಎರಡೇ ಕಿ.ಮೀ. ಹೋಗಿಬಿಡಬಹುದೇ?

ಬೇಡ. ಹಳೆಯ ಕಾರುಗಳ ಎಂಜಿನ್ ಹಾಳಾಗುವುದು ಬಹುಪಾಲು ಈ ಎರಡು ಕಿ.ಮೀ.ಗಳಲ್ಲೇ. ಎಂಜಿನ್ ಹೆಡ್ ಅಲ್ಯೂಮಿನಿಯಮ್ಮಿನದು. ಮಿತಿ ಮೀರಿ ಬಿಸಿಯಾದರೆ ಅದು ಬಾಗುತ್ತದೆ, ಹೆಡ್ಡಿಗೂ ಬ್ಲಾಕಿಗೂ ನಡುವೆ ಸೀಲಿನಂತಿರುವ ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಆಗ ಒಂದು ಹೋಸಿನಲ್ಲಿ ಮುಗಿಯುವ ರಿಪೇರಿ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ.

ಮುಳ್ಳು ನಡುವಿನಿಂದ ಮೇಲೆ ಏರಲು ಶುರುವಾಗಿದೆ, ಕೆಂಪು ಮುಟ್ಟಿಲ್ಲ ಎಂದಾದರೆ ಎಸಿ ಬಂದ್ ಮಾಡಿ, ಗಾಜು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿ ಇಡಿ. ಹೀಟರ್ ಎಂದರೆ ಎಂಜಿನಿನ ನೀರನ್ನು ತಣಿಸುವ ಇನ್ನೊಂದು ಚಿಕ್ಕ ರೇಡಿಯೇಟರೇ. ಕಾಸರಗೋಡಿನ ಸೆಕೆಯಲ್ಲಿ ಕೂರುವುದು ಕಷ್ಟ, ಆದರೆ ಎಂಜಿನಿನ ಬಿಸಿ ಇಳಿಯುತ್ತದೆ. ನಿಲ್ಲಿಸಲು ಜಾಗ ಸಿಗುವವರೆಗೆ ಇದು ಸಾಕು. ಕೆಂಪು ಮುಟ್ಟಿದರೆ, ಹಬೆ ಬಂದರೆ, ಮುಳ್ಳಿಲ್ಲದ ಕಾರಿನಲ್ಲಿ ಕೆಂಪು ದೀಪ ಹತ್ತಿದರೆ, ಇದ್ದಲ್ಲೇ ಬದಿಗೆ ತಂದು ಎಂಜಿನ್ ಬಂದ್ ಮಾಡಿ.

ಹಬೆ ನಿಂತ ಮೇಲೆ ಬಾನೆಟ್ ತೆರೆದಿಟ್ಟು ಕನಿಷ್ಠ 30ರಿಂದ 45 ನಿಮಿಷ ಕಾಯಿರಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿ ಇರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆರೆದ ಕ್ಷಣ ಒತ್ತಡ ಹೋಗಿ ಅದು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಮೇಲಿನ ದಪ್ಪ ಹೋಸನ್ನು ಬಟ್ಟೆ ಹಿಡಿದು ಹಿಚುಕಿ ನೋಡಿ. ಗಟ್ಟಿಯಾಗಿದ್ದರೆ ಇನ್ನೂ ಒತ್ತಡವಿದೆ. ಮೆತ್ತಗಾದ ಮೇಲೆ ದಪ್ಪ ಬೈರಾಸು ಮಡಚಿ ಕ್ಯಾಪಿನ ಮೇಲೆ ಹಾಕಿ, ಕಾಲು ಸುತ್ತು ತಿರುಗಿಸಿ, ಸುಯ್ಯೆಂಬ ಸದ್ದು ಪೂರ್ತಿ ನಿಂತ ನಂತರವೇ ತೆಗೆಯಿರಿ.

ತಣ್ಣಗಾಯಿತು. ಇನ್ನು ನೀರು ಹಾಕಿ ಹೊರಡಬಹುದೇ?

ಮೊದಲು ನೀರು ಹೋದದ್ದು ಎಲ್ಲಿಂದ ಎಂದು ನೋಡಬೇಕು. ಕಾರಣ ಗೊತ್ತಾಗದೆ ಹೊರಟರೆ ಮುಂದಿನ ಚಡಾವಿನಲ್ಲಿ ಮತ್ತೆ ನಿಲ್ಲುತ್ತದೆ.

ನೀರು ಕಡಿಮೆಯಾಗದೆ ಬಿಸಿಯಾಗಿದ್ದರೆ ಅನುಮಾನ ಫ್ಯಾನಿನ ಮೇಲೆ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕೂಡಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿರುವ ಚಿತ್ರ ನೋಡಿ ಫ್ಯಾನ್ ಫ್ಯೂಸ್ ಹುಡುಕಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದು ಹಾಕಿ, ದೊಡ್ಡದು ಹಾಕಿದರೆ ವಯರ್ ಸುಡುತ್ತದೆ. ಫ್ಯೂಸ್ ಸರಿ ಇದ್ದರೆ ಅದೇ ಪೆಟ್ಟಿಗೆಯ ರಿಲೇ (ಕರೆಂಟಿನಿಂದ ಕೆಲಸ ಮಾಡುವ ಚಿಕ್ಕ ಸ್ವಿಚ್) ಬದಲಿಸಿ ನೋಡಬಹುದು. ಹಲವು ಕಾರುಗಳಲ್ಲಿ ಹಾರ್ನ್ ರಿಲೇಯೂ ಫ್ಯಾನ್ ರಿಲೇಯೂ ಒಂದೇ ಬಗೆಯವು. ಮೇಲೆ ಬರೆದ ನಂಬ್ರ ಒಂದೇ ಇದ್ದರೆ ಅದಲು ಬದಲು ಮಾಡಿ.

ನೀರು ಸೋರಿದ್ದರೆ ಕ್ಲಿಪ್ ಇರುವ ಜಾಗಗಳನ್ನು ಮೊದಲು ನೋಡಿ. ಹಳೆಯ ರಬ್ಬರ್ ಹೋಸು ಒಡೆಯುವುದು ಹೆಚ್ಚಾಗಿ ಕ್ಲಿಪ್ಪಿನ ಪಕ್ಕದಲ್ಲೇ. ಹೋಸಿಗೆ ಉದ್ದ ಉಳಿದಿದ್ದರೆ ಒಡೆದ ತುದಿಯನ್ನು ಕತ್ತರಿಸಿ ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿಯಿರಿ. ಇಷ್ಟು ಮಾಡಿದರೆ ಮನೆ ಮುಟ್ಟಬಹುದು. ನಡುವೆ ಸೀಳಿದ್ದರೆ ಒರೆಸಿ ಪೂರ್ತಿ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ನಾಲ್ಕೈದು ಸುತ್ತು ಹಾಕಿ. ಸಾಮಾನ್ಯ ಕರೆಂಟಿನ ಟೇಪು ಬಿಸಿಗೆ ಜಾರುತ್ತದೆ. ಹೀಗೆ ತೇಪೆ ಹಾಕಿದ ಮೇಲೆ ಕ್ಯಾಪನ್ನು ಪೂರ್ತಿ ಬಿಗಿಯದೆ ಮೊದಲ ಹಂತಕ್ಕೆ ಬಿಟ್ಟರೆ ಒಳಗೆ ಒತ್ತಡ ಏರುವುದಿಲ್ಲ, ತೇಪೆ ತಾಳುತ್ತದೆ. ಎಸಿ ಇಲ್ಲದೆ 40ರ ವೇಗದಲ್ಲಿ ಹೋಗಿ, ಐದು ಕಿ.ಮೀ.ಗೊಮ್ಮೆ ನಿಂತು ನೋಡಿ. ವಾಟರ್ ಪಂಪ್ ಸೋರುತ್ತಿದ್ದರೆ, ರೇಡಿಯೇಟರ್ ಒಡೆದಿದ್ದರೆ ಈ ಉಪಾಯ ನಡೆಯದು.

ಆಯಿಲ್ ಕ್ಯಾಪಿನ ಒಳಗೆ ಹಾಲುಬಣ್ಣದ ಕೆಸರು, ಸೈಲೆನ್ಸರಿನಿಂದ ಸಿಹಿವಾಸನೆಯ ಬಿಳಿ ಹೊಗೆ, ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆ ಇವುಗಳಲ್ಲಿ ಯಾವುದು ಕಂಡರೂ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲಿಂದ ಮುಂದೆ ಗಾಡಿ ಎತ್ತಿಕೊಂಡು ಹೋಗುವ ರಿಕವರಿ ವಾಹನವೇ ಗತಿ.

ತೋಡಿನ ನೀರು ಹಾಕಬಹುದೇ?

ತುರ್ತಿಗೆ ಹಾಕಬಹುದು. ಬಟ್ಟೆಯಲ್ಲಿ ಸೋಸಿ, ಎಂಜಿನ್ ತಣ್ಣಗಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಾದು ಒಣಗಿದ ಎಂಜಿನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು. ಕಡಲ ಬದಿಯ ಉಪ್ಪು ಬೆರೆತ ಬಾವಿಯ ನೀರು ಬೇಡ. ಗ್ಯಾರೇಜು ಮುಟ್ಟಿದ ಮೇಲೆ ಎಲ್ಲವನ್ನೂ ಇಳಿಸಿ, ತೊಳೆದು, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ತುಂಬಿಸಿ.

ಕೀ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಸೆಲ್ಫ್ ಹೊಡೆಯುವುದಿಲ್ಲ. ಬ್ಯಾಟರಿಯೋ ಸ್ಟಾರ್ಟರೋ?

ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಸತ್ತೇ ಹೋದರೆ, ವೇಗವಾಗಿ ಟಿಕ್ ಟಿಕ್ ಕೇಳಿದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಬೆಳಕು ಹಾಗೆಯೇ ಇದ್ದು ಒಂದೇ ಸಲ ಟಕ್ ಎಂದರೆ ದೋಷ ಸ್ಟಾರ್ಟರ್ ಮೋಟಾರಿನದು. ಏನೂ ಸದ್ದಿಲ್ಲದಿದ್ದರೆ ಕ್ಲಚ್ ಪೂರ್ತಿ ತುಳಿದು ನೋಡಿ, ಆಟೋಮ್ಯಾಟಿಕ್ ಆದರೆ ಗೇರ್ ಪಾರ್ಕಿನಲ್ಲೋ ನ್ಯೂಟ್ರಲ್ಲಿನಲ್ಲೋ ಇದೆಯೇ ನೋಡಿ.

ಜಂಪ್ ಕೇಬಲಿಗೆ ಓಡುವ ಮೊದಲು ಬ್ಯಾಟರಿಯ ಟರ್ಮಿನಲನ್ನು ಕೈಯಲ್ಲಿ ತಿರುಗಿಸಿ. ಅಲುಗಾಡಿದರೆ 10 ಎಂಎಂ ಸ್ಪ್ಯಾನರಿನಲ್ಲಿ ಬಿಗಿಯಿರಿ. ಕಡಲಗಾಳಿ, ತೇವ ಎರಡೂ ಇರುವ ನಮ್ಮಲ್ಲಿ ಟರ್ಮಿನಲಿಗೆ ಹಸಿರುಬಿಳಿ ಪುಡಿ ಬೇಗ ಹತ್ತುತ್ತದೆ. ಮೈನಸ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ತೊಳೆದು, ಕೆರೆದು, ಪ್ಲಸ್ ಮೊದಲು ಸಿಕ್ಕಿಸಿ. ಬ್ಯಾಟರಿ ಸತ್ತಿದೆ ಎಂದು ಮಾರಿಬಿಟ್ಟ ಎಷ್ಟೋ ಕಡೆ ಇಷ್ಟೇ ಬೇಕಾಗಿರುತ್ತದೆ.

ಜಂಪ್ ಕೇಬಲ್ ಯಾವ ಕ್ರಮದಲ್ಲಿ?

ಎರಡೂ ಗಾಡಿಗಳ ಎಂಜಿನ್ ಬಂದ್ ಇರಲಿ, ಬಾಡಿಗಳು ಒಂದಕ್ಕೊಂದು ತಾಗದಿರಲಿ. ಕೆಂಪು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಕೆಂಪಿನ ಇನ್ನೊಂದು ತುದಿ ಒಳ್ಳೆಯದರ ಪ್ಲಸ್ಸಿಗೆ, ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ಕಪ್ಪು ತುದಿ ನಿಂತ ಕಾರಿನ ಎಂಜಿನಿನ ಬಣ್ಣವಿಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ನಿಗೆ ಕಿಡಿ ತಾಗಬಾರದು, ಹಾಗಾಗಿ ಕೊನೆಯದನ್ನು ಬ್ಯಾಟರಿಯಿಂದ ದೂರ ಹಿಡಿಯಬೇಕು. ಒಳ್ಳೆಯ ಕಾರಿನ ಎಂಜಿನನ್ನು ಐದು ನಿಮಿಷ ಚಾಲೂ ಇಟ್ಟು ನಂತರ ನಿಂತದ್ದನ್ನು ಸ್ಟಾರ್ಟ್ ಮಾಡಿ. ತೆಗೆಯುವಾಗ ಕ್ರಮ ತಿರುಗುಮುರುಗು. ಪ್ಲಸ್ ಮೈನಸ್ ತಪ್ಪಿದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಎರಡೂ ಸುಡಬಹುದು, ಅವಸರ ಬೇಡ.

ಸ್ಟಾರ್ಟ್ ಆದ ಮೇಲೆ ಬ್ಯಾಟರಿಯಲ್ಲಿ ಮಲ್ಟಿಮೀಟರ್ 13.8ರಿಂದ 14.5 ವೋಲ್ಟ್ ತೋರಿಸಬೇಕು. 12.5ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿಲ್ಲ. ಎಸಿ, ಸ್ಟೀರಿಯೋ ಬಂದ್ ಮಾಡಿ, ಎಲ್ಲಿಯೂ ನಿಲ್ಲಿಸದೆ ಹೋದರೆ ಹಗಲಿನಲ್ಲಿ ಒಳ್ಳೆಯ ಬ್ಯಾಟರಿ ಅರ್ಧ ಗಂಟೆಯಷ್ಟು ಎಳೆದೀತು. ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ತುಂಡಾಗಿದ್ದರೆ ಮಾತ್ರ ಹೋಗಬೇಡಿ. ಹಲವು ಎಂಜಿನುಗಳಲ್ಲಿ ವಾಟರ್ ಪಂಪೂ ಅದೇ ಬೆಲ್ಟಿನಲ್ಲಿ ತಿರುಗುತ್ತದೆ.

ದೂಡಿ ಸ್ಟಾರ್ಟ್ ಮಾಡಬಹುದೇ?

ಮ್ಯಾನ್ಯುವಲ್ ಗೇರಿನದ್ದನ್ನು ಮಾಡಬಹುದು, ಆಟೋಮ್ಯಾಟಿಕ್ ಆಗುವುದಿಲ್ಲ. ಕೀ ಆನ್, ಸೆಕೆಂಡ್ ಗೇರ್, ಕ್ಲಚ್ ತುಳಿದಿರಲಿ. ಗಂಟೆಗೆ 10-15 ಕಿ.ಮೀ. ವೇಗ ಬಂದಾಗ ಕ್ಲಚ್ ತಟ್ಟನೆ ಬಿಟ್ಟು, ಸ್ಟಾರ್ಟ್ ಆದೊಡನೆ ಮತ್ತೆ ತುಳಿಯಿರಿ. ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಉರಿಯದಷ್ಟು ಬ್ಯಾಟರಿ ಇಳಿದಿದ್ದರೆ ದೂಡಿ ಪ್ರಯೋಜನವಿಲ್ಲ, ಪೆಟ್ರೋಲ್ ಪಂಪಿಗೂ ಇಂಜೆಕ್ಟರಿಗೂ ಕರೆಂಟು ಬೇಕು. ತಿರುವು ಇರುವ ಇಳಿಜಾರಿನಲ್ಲಿ ಇದನ್ನು ಪ್ರಯತ್ನಿಸಬೇಡಿ. ಸ್ಟಾರ್ಟ್ ಆಗದಿದ್ದರೆ ಸ್ಟಿಯರಿಂಗೂ ಬ್ರೇಕೂ ಬಿಗಿಯಾಗಿಯೇ ಇರುತ್ತವೆ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ಕೀಯನ್ನು ಆನ್ ಮಾಡಿ, ಸ್ಟಾರ್ಟ್ ಮಾಡದೆ, ಹಿಂದಿನ ಸೀಟಿನ ಬಳಿ ಕಿವಿಗೊಡಿ. ಪೆಟ್ರೋಲ್ ಕಾರಾದರೆ ಒಂದೆರಡು ಸೆಕೆಂಡು ಪಂಪಿನ ಗುಂಯ್‌ಗುಟ್ಟುವಿಕೆ ಕೇಳಬೇಕು. ಕೇಳದಿದ್ದರೆ ಫ್ಯೂಯಲ್ ಪಂಪಿನ ಫ್ಯೂಸ್, ರಿಲೇ ನೋಡಿ. ಟ್ಯಾಂಕಿನ ತಳವನ್ನು ಮುಷ್ಟಿಯಲ್ಲಿ ಎರಡು ಮೂರು ಸಲ ಬಡಿದಾಗ ಸಿಕ್ಕಿಬಿದ್ದ ಪಂಪು ಒಮ್ಮೆ ತಿರುಗುವುದೂ ಉಂಟು, ಆದರೆ ಅದು ಗ್ಯಾರೇಜು ಮುಟ್ಟುವಷ್ಟಕ್ಕೆ ಮಾತ್ರ. ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ತುಂಬಿಸೋಣ ಎಂದು ಯಾವಾಗಲೂ ರಿಸರ್ವಿನಲ್ಲೇ ಓಡಿಸುವವರಿಗೆ ಒಂದು ಮಾತು: ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ಕಾಲುಭಾಗಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಪಂಪು ಹೆಚ್ಚು ಕಾಲ ಬಾಳುತ್ತದೆ.

ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸುವ ಕಾರಾದರೆ ಇಲಿಯನ್ನು ಮರೆಯಬೇಡಿ. ಬಾನೆಟ್ ತೆರೆದು ಇಂಜೆಕ್ಟರ್, ಸೆನ್ಸರ್ ವಯರುಗಳನ್ನು ಬೆಳಕು ಹಿಡಿದು ನೋಡಿ. ಕಡಿದ ಎರಡು ತುದಿಗಳ ಬಣ್ಣ ಹೊಂದಿಸಿ, ಸುಲಿದು, ಹೊಸೆದು, ಟೇಪು ಸುತ್ತಿದರೆ ತಾತ್ಕಾಲಿಕವಾಗಿ ಓಡುತ್ತದೆ. ಈ ಕೆಲಸಕ್ಕೆ ಬ್ಯಾಟರಿಯ ಮೈನಸ್ ಬಿಚ್ಚಿರಬೇಕು.

ಓಡುತ್ತಿದ್ದಾಗಲೇ ಬಂದ್ ಆಗಿ, ಈಗ ಸೆಲ್ಫ್ ಎಂದಿಗಿಂತ ಹಗುರಾಗಿ, ವೇಗವಾಗಿ ತಿರುಗುತ್ತಿದ್ದರೆ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಹೊಂದಿಸುವ ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. ಇನ್ನೊಂದು ಸಲವೂ ಕೀ ತಿರುಗಿಸಬೇಡಿ. ಪಿಸ್ಟನ್ ವಾಲ್ವಿಗೆ ಬಡಿಯುವ ಬಗೆಯ ಎಂಜಿನಾದರೆ ಪ್ರತಿ ಸಲವೂ ಹಾನಿ ಹೆಚ್ಚುತ್ತದೆ.

ಡೀಸೆಲ್ ಖಾಲಿಯಾಗಿ ನಿಂತಿತು. ತಂದು ಹಾಕಿದರೂ ಸ್ಟಾರ್ಟ್ ಆಗುತ್ತಿಲ್ಲ.

ಪೈಪಿನಲ್ಲಿ ಗಾಳಿ ಸೇರಿದೆ. ಕನಿಷ್ಠ ಐದು ಲೀಟರ್ ಹಾಕಿ, ಚಡಾವಿನಲ್ಲಿ ನಿಂತಿದ್ದರೆ ಇನ್ನೂ ಹೆಚ್ಚು. ಫಿಲ್ಟರಿನ ಮೇಲೋ ಪೈಪಿನ ನಡುವೆಯೋ ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ, ಕೆಲವೊಮ್ಮೆ ಮೂವತ್ತು ನಲ್ವತ್ತು ಸಲ ಬೇಕಾಗುತ್ತದೆ. ಬಳಿಕ ಹತ್ತು ಸೆಕೆಂಡು ಸೆಲ್ಫ್ ಹೊಡೆದು ಒಂದು ನಿಮಿಷ ಬಿಡಿ. ಕಾಮನ್ ರೈಲ್ ಎಂಜಿನಿನ ಇಂಜೆಕ್ಟರ್ ಪೈಪನ್ನು ಸಡಿಲಿಸಿ ಗಾಳಿ ತೆಗೆಯಲು ಯಾರಿಗೂ ಬಿಡಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ.

ಟಯರ್ ಬದಲಿಸುವಾಗ ಎಲ್ಲಿ ತಪ್ಪಾಗುತ್ತದೆ?

ಜಾಕಿ ಏರಿಸಿದ ಮೇಲೆ ನಟ್ ಸಡಿಲಿಸಲು ಹೋಗುವುದು ಮೊದಲ ತಪ್ಪು. ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎರಡನೆಯದು ಜಾಕಿಯ ಕೆಳಗೆ ಮುರಕಲ್ಲು ಇಡುವುದು. ಅದು ಭಾರಕ್ಕೆ ಪುಡಿಯಾಗುತ್ತದೆ, ಗಾಡಿ ಜಾರಿ ಕೈ ಸಿಕ್ಕಿಕೊಳ್ಳುತ್ತದೆ. ಮಳೆಗಾಲದ ಕೆಂಪುಮಣ್ಣಿನಲ್ಲಿ ಒಂದಡಿ ಅಗಲದ ದಪ್ಪ ಹಲಗೆ ಬೇಕು. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ತಳ್ಳಿಡಿ, ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ನಟ್‌ಗಳನ್ನು ಎದುರುಬದುರಾಗಿ ಬಿಗಿದು, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ.

ಸೆಕೆಂಡ್ ಹ್ಯಾಂಡ್ ಗಾಡಿಯ ಸ್ಟೆಪ್ನಿಯಲ್ಲಿ ಗಾಳಿ ಇರುವುದೇ ಅಪರೂಪ. ಮೂರು ತಿಂಗಳಿಗೊಮ್ಮೆ ಉಳಿದವುಗಳಿಗಿಂತ ಎರಡು ಮೂರು ಪಿಎಸ್ಐ ಹೆಚ್ಚು ಹಾಕಿಡಿ. ಟ್ಯೂಬ್‌ಲೆಸ್ ಟಯರಿಗೆ ಆಣಿ ಹೊಕ್ಕರೆ ಕೀಳಬೇಡಿ. 12 ವೋಲ್ಟಿನ ಪಂಪಿನಲ್ಲಿ ಗಾಳಿ ತುಂಬಿಸಿಕೊಂಡು ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಬದಿಗೋಡೆ ಹರಿದಿದ್ದರೆ ಟಯರೇ ಬದಲಾಗಬೇಕು.

ರಸ್ತೆಯಲ್ಲಿ ನಿಂತ ನೀರಿಗೆ ಇಳಿದು ಬಂದ್ ಆಯಿತು.

ಸ್ಟಾರ್ಟ್ ಮಾಡಲು ನೋಡಲೇಬೇಡಿ. ಏರ್ ಫಿಲ್ಟರಿನ ಮೂಲಕ ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಂದು ಸಲ ಸೆಲ್ಫ್ ಹೊಡೆದರೂ ಕನೆಕ್ಟಿಂಗ್ ರಾಡ್ ಬಾಗಬಹುದು. ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ. ದೂಡಿ ಮೇಲೆ ತಂದು, ಬ್ಯಾಟರಿಯ ಮೈನಸ್ ಬಿಚ್ಚಿ, ಏರ್ ಫಿಲ್ಟರ್ ಪೆಟ್ಟಿಗೆ ತೆರೆದು ನೋಡಿ. ಫಿಲ್ಟರ್ ಒದ್ದೆಯಾಗಿದ್ದರೆ ಗಾಡಿ ಎತ್ತಿಸಿಕೊಂಡೇ ಹೋಗಬೇಕು. ಮೂರು ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಿದು. ಮಧೂರಿನಲ್ಲಿ ಮಧುವಾಹಿನಿ ಉಕ್ಕಿದ ದಿನ ಚಕ್ರದ ಅರ್ಧ ಮುಳುಗುವ ನೀರಿಗೆ ಇಳಿಯದೆ ಕಾಯುವುದೇ ಸರಿ. ಸಾಮಾನ್ಯ ವಿಮೆಯಲ್ಲಿ ನೀರು ಹೊಕ್ಕ ಎಂಜಿನಿನ ಖರ್ಚು ಸಿಗುವುದು ಕಷ್ಟ, ಅದಕ್ಕೆ ಎಂಜಿನ್ ರಕ್ಷಣೆಯ ಆ್ಯಡ್ ಆನ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ರಕ್ಷಣೆ) ಬೇರೆಯೇ ಇದೆ.

ಬ್ರೇಕ್ ಪೆಡಲ್ ಕೆಳಗೆ ಹೋಗುತ್ತಿದೆ. ಮೆಲ್ಲಗೆ ಓಡಿಸಲೇ?

ಪೆಡಲ್ ಹಾಗೆ ಕೆಳಗೆ ಹೋಗುತ್ತಿರುವಾಗ ಒಂದು ಮೀಟರ್ ಕೂಡ ಬೇಡ. ಪಾಣತ್ತೂರಿನಿಂದ ಕರಿಕೆ, ಭಾಗಮಂಡಲದ ಕಡೆ ಹೋಗಿಬರುವವರು ಇಳಿಯುವಾಗ ನಿರಂತರ ಬ್ರೇಕ್ ತುಳಿದರೆ ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಅದು ತಣಿದ ಮೇಲೆ ಮರಳಿ ಬಿಗಿಯಾದರೆ ಸೆಕೆಂಡ್ ಗೇರಿನಲ್ಲಿ ಇಳಿಯಬಹುದು, ಆಯಿಲ್ ಬದಲಿಸಬೇಕು. ಆದರೆ ಡಬ್ಬಿಯಲ್ಲಿ ಆಯಿಲ್ ಇಳಿದಿದ್ದರೆ, ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅದು ಸೋರಿಕೆ. ಆಯಿಲ್ ತುಂಬಿಸಿ ಓಡಿಸುವ ಧೈರ್ಯ ಯಾರೂ ಮಾಡಬಾರದು.

ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಸಬಹುದೇ?

ಸಪಾಟು ರಸ್ತೆಯಲ್ಲಿ, ಹಗಲಿನಲ್ಲಿ, ಬ್ರೇಕ್ ಸರಿ ಇದ್ದರೆ ಸ್ವಲ್ಪ ದೂರಕ್ಕೆ ಸರಿ. ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಬೇಡ, ವೇಗ ಇಪ್ಪತ್ತರೊಳಗೆ. ಹಗ್ಗದ ನಡುವೆ ಕೆಂಪು ಬಟ್ಟೆ ಕಟ್ಟಿ. ಹಿಂದಿನ ಗಾಡಿಯ ಕೀ ಆನ್ ಇರಬೇಕು, ಇಲ್ಲದಿದ್ದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಬಂಪರಿಗೂ ಸಸ್ಪೆನ್ಶನ್ ಆರ್ಮ್‌ಗೂ ಕಟ್ಟದೆ ಟೋಯಿಂಗ್ ಹುಕ್ಕಿಗೇ ಕಟ್ಟಿ. ಹಲವು ಕಾರುಗಳಲ್ಲಿ ಈ ಹುಕ್ಕು ಟೂಲ್ ಚೀಲದಲ್ಲಿರುತ್ತದೆ, ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಕೈ ಬದಲಾದ ಗಾಡಿಗಳಲ್ಲಿ ಅದು ಕಳೆದುಹೋಗಿರುವುದು ಸಾಮಾನ್ಯ. ಕೊಳ್ಳುವ ದಿನವೇ ನೋಡಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ ತಿರುಗಿಸುವ ಚಕ್ರಗಳು ನೆಲದಲ್ಲಿ ಉರುಳಬಾರದು, ಗೇರ್‌ಬಾಕ್ಸ್ ಸುಡುತ್ತದೆ. ಅದಕ್ಕೆ ಇಡೀ ಗಾಡಿಯನ್ನು ಹೊರುವ ಫ್ಲಾಟ್‌ಬೆಡ್ ಬೇಕು. ಘಾಟಿಯಲ್ಲಿ ಹಗ್ಗದ ಯೋಚನೆಯೇ ಬೇಡ.

ಮೆಕ್ಯಾನಿಕ್‌ಗೆ ಫೋನಿನಲ್ಲಿ ಏನು ಹೇಳಬೇಕು? ಯಾವ ಕಡೆಗೆ ಕೊಂಡುಹೋಗುವುದು?

"ಅಣ್ಣ, ಗಾಡಿ ನಿಂತಿದೆ, ಒಮ್ಮೆ ಬನ್ನಿ" ಎಂದಷ್ಟೇ ಹೇಳಿದರೆ ಅವರು ಬರಿಗೈಯಲ್ಲಿ ಬಂದು, ಪಾರ್ಟ್ ತರಲು ಮತ್ತೆ ಹೋಗಬೇಕಾಗುತ್ತದೆ. ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲೋ, ನಿಲ್ಲುವ ಮೊದಲು ಏನು ಸದ್ದು, ಏನು ವಾಸನೆ, ಯಾವ ದೀಪ ಉರಿಯುತ್ತಿದೆ, ಸೆಲ್ಫ್ ತಿರುಗುತ್ತದೆಯೇ ಎಂದು ಹೇಳಿ. ಸೆಲ್ಫ್ ಹೊಡೆಯುವ ಸದ್ದಿನ ಹತ್ತು ಸೆಕೆಂಡಿನ ವಿಡಿಯೋ, ಡ್ಯಾಶ್‌ಬೋರ್ಡಿನ ಫೋಟೋ, ಲೊಕೇಶನ್ ಕಳಿಸಿ. ಸೆಲ್ಫ್ ಹೊಡೆಯಬಾರದೆಂದು ಮೇಲೆ ಹೇಳಿದ ಸಂದರ್ಭಗಳಲ್ಲಿ ಫೋಟೋ ಸಾಕು. ಕಾಡಿನ ದಾರಿಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕೊಡುವುದು ಈಗಲೂ ನಡೆಯುವ ಉಪಾಯ.

ಚೆರ್ಕಳ-ಜಾಲ್ಸೂರು ರಸ್ತೆಯಲ್ಲಿ ಆದೂರು ದಾಟಿದ ಮೇಲೆ ನಿಂತರೆ ಸುಳ್ಯ, ಚೆರ್ಕಳ-ಕಲ್ಲಡ್ಕ ರಸ್ತೆಯಲ್ಲಿ ಅಡ್ಕಸ್ಥಳದ ಬಳಿ ನಿಂತರೆ ವಿಟ್ಲ ಅಥವಾ ಪುತ್ತೂರು ಅನುಕೂಲ. ಮಂಜೇಶ್ವರ, ಹೊಸಂಗಡಿಯಿಂದ ಮಂಗಳೂರು ಹತ್ತಿರ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಎತ್ತಿಸಿಕೊಂಡು ಹೋಗುವ ಬದಲು ಚಿಕ್ಕ ಕೆಲಸವನ್ನು ಕಾಸರಗೋಡಿನಲ್ಲೇ ಮಾಡಿಸಿ. ರಿಕವರಿಯವರೊಡನೆ ಗಾಡಿ ಏರಿಸುವ ಮೊದಲೇ ಬಾಡಿಗೆ, ಕಿ.ಮೀ. ಲೆಕ್ಕ, ಖಾಲಿ ವಾಪಸಾತಿಯ ಲೆಕ್ಕ, ಗಡಿ ದಾಟುವ ಪರ್ಮಿಟ್ ಎಲ್ಲವನ್ನೂ ಮಾತಾಡಿ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಏರಿಸುವ ಮೊದಲು ನಾಲ್ಕೂ ಬದಿಯ ಫೋಟೋ ತೆಗೆದಿಡಿ.

ಕೆಎ ನಂಬ್ರದ ಗಾಡಿ, ವಿಮೆ ಹಳೆಯ ಮಾಲೀಕರ ಹೆಸರಿನಲ್ಲಿದೆ. ರೋಡ್ ಸೈಡ್ ಅಸಿಸ್ಟೆನ್ಸ್ ಸಿಗುತ್ತದೆಯೇ?

ಪಾಲಿಸಿಯಲ್ಲಿ ಆ ಆ್ಯಡ್ ಆನ್ ಇದ್ದರೆ ಮಾತ್ರ ಸಿಗುವುದು. ಮಾಲೀಕತ್ವ ಬದಲಾದ ದಿನದಿಂದ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ವರ್ಗಾವಣೆಗೆ ಫಾರ್ಮ್ 29 ಮತ್ತು 30, ಬೇರೆ ರಾಜ್ಯಕ್ಕೆ ಒಯ್ಯಲು ಫಾರ್ಮ್ 28ರ ಎನ್ಒಸಿ (ನಿರಾಕ್ಷೇಪಣಾ ಪತ್ರ). ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಕೇರಳದಲ್ಲೇ ಇಡುವುದಾದರೆ ಇಲ್ಲಿನ ನಂಬ್ರ ಮಾಡಿಸಬೇಕು. ಕಾಸರಗೋಡಿನದು ಕೆಎಲ್ 14. ಅಸಿಸ್ಟೆನ್ಸಿನ ಫೋನ್ ನಂಬ್ರವನ್ನು ಕಾಗದದಲ್ಲಿ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ಎಷ್ಟು ಕಿ.ಮೀ.ವರೆಗೆ ಉಚಿತ, ಗಡಿಯಾಚೆಗೂ ಒಯ್ಯುತ್ತಾರೆಯೇ ಎಂದು ಮೊದಲೇ ಕೇಳಿಡಿ.

ಡಿಕ್ಕಿಯಲ್ಲಿ ಏನೇನು ಇರಲಿ?

ಎರಡು ಲೀಟರ್ ನೀರು, ಒಂದು ಲೀಟರ್ ಕೂಲೆಂಟ್, ಅರ್ಧ ಲೀಟರ್ ಎಂಜಿನ್ ಆಯಿಲ್. ಎರಡೂವರೆ ಮೀಟರಿನ ದಪ್ಪ ಜಂಪ್ ಕೇಬಲ್, ತೆಳ್ಳಗಿನದು ಕಾದು ಕರಗುತ್ತದೆ. 8, 10, 12, 14 ಎಂಎಂ ಸ್ಪ್ಯಾನರ್, ಪ್ಲೈಯರ್, ಎರಡು ಬಗೆಯ ಸ್ಕ್ರೂಡ್ರೈವರ್. 10, 15, 20, 30 ಆಂಪಿಯರ್ ಫ್ಯೂಸ್ ತಲಾ ಎರಡು. ಹೋಸ್ ಕ್ಲಿಪ್ ಎರಡು ಅಳತೆಯಲ್ಲಿ, ಸಿಲಿಕೋನ್ ಟೇಪು, ಕಟ್ಟುತಂತಿ. ಜಾಕಿ, ವೀಲ್ ಸ್ಪ್ಯಾನರ್, ಹಲಗೆ. ಗಾಳಿ ಪಂಪು. ತ್ರಿಕೋನ, ತಲೆಗೆ ಕಟ್ಟುವ ಟಾರ್ಚ್, ರೈನ್‌ಕೋಟ್. ಮಲ್ಟಿಮೀಟರ್ ಚಿಕ್ಕದಾದರೂ ಸಾಕು.

ಗಾಡಿ ಕೊಂಡ ಮೊದಲ ವಾರ ಏನು ಬದಲಿಸಿದರೆ ದಾರಿಯಲ್ಲಿ ನಿಲ್ಲುವುದು ಕಡಿಮೆಯಾಗುತ್ತದೆ?

ರಬ್ಬರಿನಿಂದ ಶುರು ಮಾಡಿ: ರೇಡಿಯೇಟರ್ ಹೋಸುಗಳು, ಆಲ್ಟರ್ನೇಟರ್ ಬೆಲ್ಟ್. ಕೂಲೆಂಟ್, ಬ್ರೇಕ್ ಆಯಿಲ್, ಎಂಜಿನ್ ಆಯಿಲ್ ಮೂರನ್ನೂ ಹೊಸದಾಗಿ ತುಂಬಿಸಿ. ಹಳೆಯ ಮಾಲೀಕರು ಯಾವಾಗ ಬದಲಿಸಿದರೆಂಬ ಮಾತನ್ನು ನಂಬುವ ಅಗತ್ಯ ಆಗ ಇರುವುದಿಲ್ಲ. ಬ್ಯಾಟರಿಯ ಮೇಲಿನ ತಾರೀಕು ನಾಲ್ಕು ವರ್ಷ ದಾಟಿದ್ದರೆ ಮಳೆಗಾಲಕ್ಕೆ ಮೊದಲು ಹೊಸದು ಹಾಕಿಸಿ. ನಿಮ್ಮ ಎಂಜಿನಿಗೆ ಟೈಮಿಂಗ್ ಬೆಲ್ಟೋ ಚೈನೋ ಎಂದು ಕೇಳಿ ತಿಳಿಯಿರಿ. ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಮತ್ತು 1.3 ಡೀಸೆಲ್ ಎಂಜಿನುಗಳಲ್ಲಿ ಚೈನ್ ಇದೆ, ಹಳೆಯ 800ರಲ್ಲಿ ಬೆಲ್ಟ್. ಬೆಲ್ಟ್ ಆಗಿದ್ದು ಬದಲಿಸಿದ ಬಿಲ್ಲು ಇಲ್ಲದಿದ್ದರೆ ಮೀಟರ್ ಎಷ್ಟು ತೋರಿಸುತ್ತದೆ ಎಂದು ನೋಡದೆ ಬದಲಿಸಿ, ಅದರೊಂದಿಗೆ ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರನ್ನೂ ಹೊಸದು ಹಾಕಿಸಿ.